ಬೀಗರ ದೀಪದ ಗುರುತು

ನಗುವ ಪ್ರಸಂಗ ಹುಡುಕಿಕೊಂಡು ನಾನು ಎಲ್ಲಿಗೂ ಹೋಗುವವನಲ್ಲ. ಚುನಾವಣೆ ಹತ್ತಿರ ಬಂದರೆ ಸಾಕು, ಅವೇ ಜೀಪು ಹತ್ತಿ ಮನೆ ಮುಂದೆ ಬಂದು ಹಾರ್ನ್ ಹೊಡೆಯುತ್ತವೆ. ಈ ಸಲ ಜೀಪಿನಲ್ಲಿ ಕೂತಿದ್ದವರು ನಮ್ಮ ಬೀಗರು, ಮಗಳ ಮಾವ. ದೇವದುರ್ಗದಲ್ಲಿ ವಿರೋಧ ಪಕ್ಷದ ಅಭ್ಯರ್ಥಿ. ಹಿಂದೆ ಎರಡು ಸಲ ಸೋತವರು. ಇದನ್ನೂ ಸೋತರೆ ಟಿಕೆಟ್ಟಿನ ಮಾತೇ ಇಲ್ಲವೆಂದು ಪಕ್ಷ ಹೇಳಿಬಿಟ್ಟಿದೆ. ಈ ಸಲ ರಾಜ್ಯದಲ್ಲಿ ವಿರೋಧ ಪಕ್ಷವೇ ಬರುತ್ತದೆಂದು ಟೀವಿಯವರು ಹೇಳಿದಷ್ಟೂ ಇವರ ಎದೆ ಡವಡವ.

“ಎಲ್ಲಾರೂ ಗೆದ್ದು ನಾನೊಬ್ಬನ ಬಿದ್ರ, ಮಾರಿ ಎಲ್ಲಿ ಇಟಗೊಳ್ಳಲಿ ಬೀಗರ?”

ನಾನು ನಿವೃತ್ತ, ಬಿ.ಎ. ಓದಿದವನು, ಮಾತು ಸ್ವಲ್ಪ ಹೆಚ್ಚು. ಧೈರ್ಯ ಹೇಳುತ್ತೇನೆಂದು ಖುಷಿಯಿಂದ ಜೊತೆಗೆ ಹೊರಟೆ.

ರಾಯಚೂರಿನ ಹವಾ

ಪಕ್ಷದ ಸಭೆಗೆ ಆಟೋದಲ್ಲಿ ಹೊರಟಿದ್ದೆವು. ಬೀಗರು ಮೆಲ್ಲಗೆ ಡ್ರೈವರನನ್ನು ಕೇಳಿದರು, “ಈ ಸಲ ಯಾರ ಹವಾ ಅದಪಾ?”

ಅವನು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. “ಎಲ್ಲಿ ಹವಾ ಸಾಹೇಬ್ರ. ಮುಂಜಾನಿಂದ ಒಂದು ಎಲಿನೂ ಅಳ್ಳಾಡವಲ್ದು.”

ಬೀಗರು ಅದನ್ನೇ ಮನಸ್ಸಿಗೆ ಹಚ್ಚಿಕೊಂಡರು. ಸಭೆಯಲ್ಲಿ ಬೆಂಗಳೂರಿನ ನಾಯಕರು “ನಿಮ್ಮ ಕಡೆ ಹೇಗಿದೆ?” ಎಂದಾಗ ಎದ್ದು ನಿಂತು, “ಎಲಿನೂ ಅಳ್ಳಾಡವಲ್ದ್ರೀ” ಅಂದರು.

ನಾಯಕರು ಕನಿಕರಪಟ್ಟು ಫ್ಯಾನನ್ನು ಇವರ ಕಡೆ ತಿರುಗಿಸಲು ಹೇಳಿದರು.

ಮಾನ್ವಿಯ ಮರ್ಯಾದಿ

ಪಕ್ಕದ ಕ್ಷೇತ್ರದಲ್ಲಾದರೂ ಪಕ್ಷ ಹೇಗಿದೆ ನೋಡೋಣ ಎಂದು ಮಾನ್ವಿಯ ಅಕ್ಕಿ ಗಿರಣಿ ಮಾಲೀಕರ ಹತ್ತಿರ ಹೋದೆವು. ಮಂಡಾಳ ಒಗ್ಗರಣಿ, ಮಿರ್ಚಿ, ಎಲ್ಲ ಉಪಚಾರ ಆಯಿತು. “ತಿನ್ರಿ ಮಾಜಿ ಶಾಸಕರ, ನಾಚಬ್ಯಾಡ್ರಿ” ಅಂದರು.

ಬೀಗರ ಕೈಯಲ್ಲಿನ ಮಿರ್ಚಿ ಅಲ್ಲೇ ನಿಂತಿತು. “ನಾ ಇನ್ನಾ ಹಾಲಿ ಶಾಸಕನ ಆಗಿಲ್ಲ, ಮಾಜಿ ಹ್ಯಾಂಗ ಆದೆರೀ?”

“ಮರ್ಯಾದಿಗೆ ಅಂದೆ. ಹಾಲಿ ಅಂದ್ರ ಸುಳ್ಳಾಗ್ತದ.”

“ಮಾಜಿನೂ ಸುಳ್ಳಲ್ಲೇನ್ರೀ?”

“ಅದು ಸಣ್ಣ ಸುಳ್ಳು, ತಿನ್ರಿ.”

ಗಬ್ಬೂರಿನ ಪ್ರಶ್ನೆ

ಬೀಗರ ಪಕ್ಷದ ಗುರುತು ದೀಪ. ಬೆಂಗಳೂರಿನಿಂದ ಘೋಷಣೆ ಬರೆದು ಕಳಿಸಿದ್ದರು: ‘ಕತ್ತಲೆ ಕಳೆಯಲು ದೀಪವನ್ನೇ ಆರಿಸಿ.’ ಗಬ್ಬೂರಿನ ಬಸ್ ಸ್ಟ್ಯಾಂಡಿನಲ್ಲಿ ಮೈಕು ಅದನ್ನೇ ಕೂಗುತ್ತಿತ್ತು. ಬಸ್ಸಿಗೆ ಕಾದಿದ್ದ ಮುದುಕರೊಬ್ಬರು ಜೀಪಿನ ಹತ್ತಿರ ಬಂದರು.

“ಯಪ್ಪಾ, ದೀಪ ಆರಿಸಿದ್ರ ಕತ್ತಲಿ ಹ್ಯಾಂಗ ಹೋಗ್ತದ?”

ನಾನು ಮುಂದೆ ಬಂದು, ಇಲ್ಲಿ ಆರಿಸುವುದೆಂದರೆ ನಂದಿಸುವುದಲ್ಲ, ಆಯ್ಕೆ ಮಾಡುವುದು ಎಂದು ವ್ಯಾಕರಣಸಮೇತ ವಿವರಿಸಿದೆ. ಮುದುಕರು ಶಾಂತವಾಗಿ ಕೇಳಿಸಿಕೊಂಡರು.

“ಹೋದ ಸಲನ ಬಿಡಿಸಿ ಹೇಳಬೇಕಿತ್ತಪ್ಪಾ. ಆಗ ಆರಿಸಿಬಿಟ್ಟಿವಿ.”

ದೇವದುರ್ಗದ ಆಯಿ

ಅಂದಿನಿಂದ ‘ಆರಿಸಿ’ ಎಂಬ ಮಾತೇ ಬಂದ್. ದೇವದುರ್ಗದ ಒಂದು ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಾಳೆ, ಎಲ್ಲರಿಗೂ ಆಯಿ. ಆಕೆ ಹೇಳಿದವರಿಗೇ ಓಣಿಯೆಲ್ಲ ವೋಟು ಹಾಕುತ್ತದೆ. ಬೀಗರು ಹೋಗಿ ಕಾಲಿಗೆ ಬಿದ್ದರು.

“ಯವ್ವಾ, ನನ್ನ ಗುರುತು ದೀಪ. ಇದ ಕಡೀ ಸಲ. ಕೈ ಬಿಡಬ್ಯಾಡ.”

ಆಯಿ ತಲೆ ಸವರಿ, “ಹೆದರಬ್ಯಾಡ ಮಗನ. ನಿನ್ನ ದೀಪ ದೊಡ್ಡದು ಮಾಡ್ತೀವಿ” ಅಂದಳು.

ಬೀಗರ ಮುಖ ಅರಳಿತು, ಮರುಗಳಿಗೆಗೇ ಬಾಡಿತು. ನಮ್ಮ ಮನೆಗಳಲ್ಲಿ ದೀಪ ನಂದಿಸು ಎಂದು ಯಾರೂ ಅನ್ನುವುದಿಲ್ಲ, ಅಪಶಕುನ. ನಂದಿಸಬೇಕಾದಾಗ ‘ದೀಪ ದೊಡ್ಡದು ಮಾಡು’ ಎನ್ನುತ್ತೇವೆ. ಬೀಗರು ಕಟ್ಟೆಯ ಮೇಲೆ ಕುಸಿದು ಕೂತು ನನ್ನ ಕಡೆ ನೋಡಿದರು. ನಾನು ವ್ಯಾಕರಣ ಬಿಟ್ಟು ಕನ್ನಡಕ ಒರೆಸತೊಡಗಿದೆ. ಕೊನೆಗೆ ಅವರೇ ಕೇಳಿದರು:

“ಯವ್ವಾ, ದೊಡ್ಡದು ಮಾಡೋದಂದ್ರ ಬೆಳಕು ಹೆಚ್ಚು ಮಾಡೋದೋ, ಇಲ್ಲಾ...?”

ಆಯಿ ಅವರ ಬೆನ್ನು ತಟ್ಟಿದಳು. “ಬಾಯಿ ಬಿಟ್ಟು ಹೇಳಬಾರದಂತನ ಹಿರ್ಯಾರು ಆ ಮಾತು ಇಟ್ಟಾರಪ್ಪಾ. ಚಾ ಕುಡದು ಹೋಗು.”