ಕಾಯಿಲೆ ಇಲ್ಲದ ಬ್ಲಾಕಿಗೆ ಕ್ಯೂರಿಂಗ್

ಇಂಗ್ಲಿಷ್ ಬಲ್ಲವರಿಗೆ ಒಂದು ಕೆಟ್ಟ ಚಟವಿರುತ್ತದೆ. ಬೇರೆಯವರ ಬಾಯಲ್ಲಿ ಆ ಭಾಷೆಯ ಒಂದು ಶಬ್ದ ಬಂದರೆ ಸಾಕು, ತಿದ್ದಲು ನಾಲಿಗೆ ತುರಿಸುತ್ತದೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಎಪ್ಪತ್ತೆರಡು ತುಂಬಿದರೂ ಮಾನ್ವಿಯ ಸಂತೆಯಲ್ಲಿ ಬೀಟ್‌ರೂಟನ್ನು ಮೊದಲು ಸರಿಯಾಗಿ ಉಚ್ಚರಿಸಿ, ಆಮೇಲೆ ಕೊಳ್ಳುತ್ತೇನೆ. ಹ್ಯಾಬಿಟ್, ಏನು ಮಾಡುವುದು.

ಹಿತ್ತಲಲ್ಲಿ ಹೊಸ ಬಚ್ಚಲು ಕಟ್ಟಿಸಲು ಮಿಷಿನ್ನು ಇಟ್ಟು ಸಿಮೆಂಟ್ ಬ್ಲಾಕ್ ಮಾಡುವ ಪೋತ್ನಾಳದ ಹುಲಿಗೆಮ್ಮನಿಗೆ ಹೇಳಿದ್ದೆ. ರೈಸ್ ಮಿಲ್ಲಿನವರು ರಸ್ತೆ ಬದಿಗೆ ಸುರಿಯುವ ಹೊಟ್ಟಿನ ಬೂದಿಯನ್ನು ಅವಳು ಸಾಣಿಸಿ, ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಬೆರೆಸುತ್ತಾಳೆ. ಉಂಡ ಅನ್ನದ ಹೊಟ್ಟೇ ಗೋಡೆಯಾಗಿ ನಿಲ್ಲುವುದು ನನಗಂತೂ ವೆರಿ ಸ್ವೀಟ್ ಅನ್ನಿಸಿತ್ತು. ಊರವರು ‘ಬೂದಿ ಕಲ್ಲು’ ಎಂದು ಮೂಗು ಮುರಿದರು. ಪಕ್ಕದ ಮನೆಯ ಆಚಾರ್ರು ಮಾತ್ರ, “ಮೊದಲ ನಿಮ್ಮ ಬಚ್ಚಲ ನಿಲ್ಲಲಿ ಬಾಯಾರ, ಆಮ್ಯಾಲ ನನ್ನ ಕಾಂಪೌಂಡಿಗೂ ಅವನ್ನ ತರಸ್ತೀನಿ” ಎಂದಿದ್ದರು. ಹುಲಿಗೆಮ್ಮನ ಮಿಷಿನ್ನು ನಡೆಯುವುದೋ ಮೂಲೆ ಸೇರುವುದೋ ಆ ಕಾಂಪೌಂಡಿನ ಮೇಲೆ ನಿಂತಿತ್ತು.

ವಾರ ಬಿಟ್ಟು ನಾನು ಅವಳಲ್ಲಿಗೆ ಹೋದಾಗ ಬ್ಲಾಕುಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದಳು.

“ಇನ್ನಾ ಮೂರು ವಾರ ಕ್ಯೂರಿಂಗ್ ಆಗಬೇಕ್ರೀ ಬಾಯಾರ. ಬೂದಿ ಹಾಕಿದ್ದು ಸಾವಕಾಶ ಬಿಗಿ ಆಗ್ತದ್ರೀ.”

“ಕ್ಯೂರಿಂಗ್ ಅಂದ್ರ ಜಡ್ಡು ವಾಸಿ ಮಾಡೋದು. ನಿನ್ನ ಬ್ಲಾಕಿಗೆ ಏನ್ ಜಡ್ಡು ಬಂದದ? ವಾಟರಿಂಗ್ ಅನ್ನು.”

“ನೀವು ಏನರ ಅನ್ರೀ, ನೀರಂತೂ ಬೇಕ್ರೀ.”

ಗೋಡೆ ಕಟ್ಟುವ ಗೌಂಡಿ ಶರಣಪ್ಪ ಆ ವಾರ ಮಾತ್ರ ಖಾಲಿ ಇದ್ದ. ಜಡ್ಡಿಲ್ಲದ್ದಕ್ಕೆ ಔಷಧಿ ಯಾಕೆಂದು ವಾದಿಸಿ, ಅವಳು ಬೇಡವೆಂದರೂ ಬ್ಲಾಕುಗಳನ್ನು ಹೇರಿಸಿಕೊಂಡು ಬಂದೆ.

ಮರುದಿನ ಆಚಾರ್ರ ಎದುರಿಗೇ ಶರಣಪ್ಪ ಒಂದನ್ನು ಎತ್ತಿದ. ಮೂಲೆ ಅವನ ಕೈಯಲ್ಲೇ ಉದುರಿತು. “ಇದು ಬ್ಲಾಕ್ ಅಲ್ರೀ ಬಾಯಾರ, ಬಿಸ್ಕೀಟ್. ಚಾ ತರಸ್ರಿ” ಎಂದ. ಆಚಾರ್ರು, “ಬೂದಿ ಕಡೀಕೂ ಬೂದೀನ” ಎಂದು ಒಳಗೆ ಹೋದರು.

ಸುದ್ದಿ ತಿಳಿದು ಓಡಿ ಬಂದ ಹುಲಿಗೆಮ್ಮ ನನ್ನನ್ನು ದೂರಲಿಲ್ಲ. ಉದುರಿದ ಪುಡಿಯನ್ನು ಸೆರಗಿಗೆ ಬಾಚಿಕೊಳ್ಳುತ್ತ, “ನಂದ ತಪ್ಪರೀ. ನೀವು ಕಲತವ್ರು ಅಂತ ಕೊಟ್ಟುಬಿಟ್ಟೆ” ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಆಚಾರ್ರ ಬಾಗಿಲಿಗೆ ಹೋದೆ. “ಬ್ಲಾಕಿಂದೇನೂ ತಪ್ಪಿಲ್ಲರೀ. ನನ್ನ ಇಂಗ್ಲಿಷಿನಿಂದ ಆದದ್ದು. ಮೂರು ವಾರ ತಡೀರಿ” ಎಂದು ನಡೆದದ್ದೆಲ್ಲ ಹೇಳಿದೆ. ಜೀವನದಲ್ಲಿ ಮೊದಲ ಸಲ ನನ್ನ ಇಂಗ್ಲಿಷನ್ನು ನಾನೇ ದೂರಿದ್ದು.

ಮೂರು ವಾರ ಹಿತ್ತಲಲ್ಲಿ ಮುಂಜಾನೆ, ಮಧ್ಯಾಹ್ನ, ಸಂಜೆ ಬ್ಲಾಕುಗಳಿಗೆ ಕೊಡದಿಂದ ನೀರು ಹಾಕಿದೆ. ಏನು ಮಾಡಾಕತ್ತೀರಿ ಎಂದು ಕೇಳಿದವರಿಗೆಲ್ಲ, ತಲೆ ತಗ್ಗಿಸಿ, “ಕ್ಯೂರಿಂಗ್” ಎಂದೆ. ಆಮೇಲೆ ಶರಣಪ್ಪ ಒಂದು ಬ್ಲಾಕನ್ನು ಸೊಂಟದೆತ್ತರದಿಂದ ನೆಲಕ್ಕೆ ಬಿಟ್ಟ. ದೊಪ್ಪೆಂದಿತು, ಹಾಗೇ ಉಳಿಯಿತು. ಆಚಾರ್ರು ಅದನ್ನು ತಿರುವಿ ಮುರುವಿ ನೋಡಿ, ಕಾಂಪೌಂಡ್ ಅಳೆಯಲು ಟೇಪು ತರಿಸಿದರು. ನೋಡಲು ಬಂದಿದ್ದ ಹುಲಿಗೆಮ್ಮ ನನ್ನ ಕಡೆ ತಿರುಗಿ, “ಈ ಸಲ ನಾ ಹೇಳಿದಾಗನ ಒಯ್ಯಬೇಕ್ರೀ” ಎಂದಳು.

ಈಗ ಸ್ನಾನಕ್ಕೆ ಹೋದಾಗೆಲ್ಲ ಆ ಗೋಡೆಯನ್ನು ಮುಟ್ಟಿ ನೋಡುತ್ತೇನೆ. ಮೆಟ್ರಿಕ್ ಪರೀಕ್ಷೆಗೆ ಮೂರು ವಾರ ಇದೆ ಎನ್ನುವಾಗ ನನ್ನನ್ನು ಕಾನ್ವೆಂಟ್ ಬಿಡಿಸಿ ಮದುವೆ ಮಾಡಿದ್ದರು. ಗೇಟಿನ ತನಕ ಬಂದ ಸಿಸ್ಟರ್, “ಟೂ ಸೂನ್, ಚೈಲ್ಡ್” ಎಂದಿದ್ದರು. ಮೂಲೆ ಉದುರಿದ ಆ ಇಂಗ್ಲಿಷಿನಿಂದಲೇ ನಾನು ಇಷ್ಟು ವರ್ಷ ಊರನ್ನೆಲ್ಲ ತಿದ್ದುತ್ತ ಬಂದೆ.