ಗೋಡೆಯ ಮೇಲಿನ ಷೇರಿನ ಬೊಟ್ಟುಗಳು

ಲೆಕ್ಕ ಬರದವರು ಸುಖಿಗಳು. ಬೆಲೆ ಏರಿದರೆ ಏರಿತು ಎನ್ನುತ್ತಾರೆ, ಇಳಿದರೆ ಇಳಿಯಿತು ಎನ್ನುತ್ತಾರೆ, ಉಂಡು ಮಲಗುತ್ತಾರೆ. ಅರ್ಧಂಬರ್ಧ ಲೆಕ್ಕ ಬರುವ ನನ್ನಂಥವರ ಪಾಡೇ ಪಾಡು. ಬೆಲೆ ಎಷ್ಟಾಯಿತು ಎಂದು ತಿಳಿದರೆ ನಮಗೆ ಸಾಲದು. ಅದು ಯಾವ ರಭಸದಲ್ಲಿ ಏರುತ್ತಿದೆ, ಆ ರಭಸ ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂದು ತಿಳಿಯುವವರೆಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಹೊಸಪೇಟೆಯಲ್ಲಿ ವಕೀಲರೊಬ್ಬರ ಗುಮಾಸ್ತನಾಗಿದ್ದ ನನಗೆ ಈ ರೋಗ ಅಂಟಿದ್ದು ಸಂಡೂರು ಗುಡ್ಡದ ಮ್ಯಾಂಗನೀಸ್ ಅದಿರಿನಿಂದ. ಅದಿರು ತುಂಬಿದ ವ್ಯಾಗನ್ನುಗಳನ್ನು ಸ್ಟೇಷನ್ನಿನಲ್ಲಿ ದಿನಾ ನೋಡಿ ನೋಡಿ, ಅದಿರು ಕಂಪನಿಯ ಷೇರು ಕೊಳ್ಳದವನು ಶತಮೂರ್ಖ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಕೊಳ್ಳಲು ಮಾತ್ರ ಕೈಯಲ್ಲಿ ಕಾಸಿರಲಿಲ್ಲ. ನನ್ನ ಹೆಂಡತಿ ರುಕ್ಮಿಣಿ ತನ್ನ ಕೈಬಳೆ, ಚಿನ್ನದ ಪಾಟ್ಲಿ, ತಾನೇ ಬಿಚ್ಚಿ ಕೊಟ್ಟಳು. ತೀರಿಕೊಂಡ ಅವಳ ತಾಯಿ ಹಾಕಿಕೊಳ್ಳುತ್ತಿದ್ದ ಪಾಟ್ಲಿ ಅವು. "ಒತ್ತಿ ಇಡ್ರಿ, ಮಾರಬ್ಯಾಡ್ರಿ. ಕಂಪ್ಲ್ಯಾಗ ನನ್ನ ತಮ್ಮನ ಮದುವಿ ಹೊತ್ತಿಗೆ ಅವ್ವನ ಪಾಟ್ಲಿ ನನ್ನ ಕೈಯಾಗ ಇರಬೇಕು, ಅಷ್ಟ" ಎಂದಳು. ಮದುವೆ ಇನ್ನೂ ದೂರವಿತ್ತು. ನಾನು ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸಿ ಸರಾಫರ ಅಂಗಡಿಗೆ ನಡೆದೆ.

ಷೇರು ಬಂದ ಮೇಲೆ ನನ್ನ ಪಾಂಡಿತ್ಯ ಶುರುವಾಯಿತು. ಮದರಾಸಿನ ಪತ್ರಿಕೆ ನೋಡಿ, ಇವತ್ತಿನ ಬೆಲೆಯಲ್ಲಿ ಹೋದ ವಾರ ಇದೇ ದಿನದ ಬೆಲೆ ಕಳೆಯುವುದು. ಉಳಿದದ್ದೇ ಷೇರಿನ ರಭಸ. ಅಡುಗೆಮನೆಯ ಗೋಡೆಗೆ ಇದ್ದಿಲಿನಿಂದ ಅಡ್ಡಗೆರೆ ಎಳೆದೆ. ಉಳಿದದ್ದು ಎಷ್ಟು ಆಣೆಯೋ, ಗೆರೆಯಿಂದ ಅಷ್ಟು ಬೆರಳು ಮೇಲೆ ಒಂದು ಕುಂಕುಮದ ಬೊಟ್ಟು. ಹೋದ ವಾರಕ್ಕಿಂತ ಬೆಲೆ ಬಿದ್ದಿದ್ದರೆ ಗೆರೆಯ ಕೆಳಗೆ. ಸಂಜೆ ನಾನು ಲೆಕ್ಕ ಕೂಗುವುದು, ಅವಳು ಒಲೆ ಮುಂದಿನಿಂದ ಎದ್ದು ಬಂದು ಬೆರಳಲ್ಲಿ ಅಳೆದು ಬೊಟ್ಟಿಡುವುದು. ನಿಜ ಹೇಳಲೇ? ಷೇರಿಗಿಂತ ನನಗೆ ಆ ಸಂಜೆಗಳೇ ಹಿಡಿಸಿದ್ದವು.

"ನೋಡು, ರೈಲು ದಿಣ್ಣಿ ಹತ್ತೋವಾಗ ಮ್ಯಾಲ ಹೋಗ್ತನೇ ಇರ್ತದ, ಆದ್ರ ಓಟ ಕಡಿಮಿ ಆಗ್ತದ. ಹಂಗ ಬೆಲಿ ಏರ್ತಿದ್ರೂ ಬೊಟ್ಟು ಗೆರಿ ಕಡೆ ಇಳೀಲಿಕ್ಕೆ ಹತ್ತಿದ್ರ, ನಿಲ್ಲೋ ಹೊತ್ತು ಬಂತು ಅಂತ ತಿಳ್ಕೋ" ಎಂದು ಅವಳಿಗೆ ಪಾಠ ಹೇಳಿದೆ. "ಹಂಗಾರ ಆವಾಗ ಷೇರು ಮಾರಿ ಇಳದುಬಿಡ್ರಿ ಮತ್ತ" ಎಂದಳು. ಇಷ್ಟು ಜಲ್ದಿ ತಿಳಿದುಬಿಟ್ಟಿತಲ್ಲ ಎಂದು ನನಗೆ ಒಳಗೊಳಗೇ ಬೇಜಾರಾಯಿತು.

ಪಕ್ಕದ ಮನೆಯ ಭಾಗೀರಥಕ್ಕ ಒಂದು ದಿನ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರು ಗೋಡೆ ನೋಡಿ ನಿಂತುಬಿಟ್ಟರು. "ಯವ್ವಾ, ಇದು ಯಾವ ವ್ರತ?" ನಾನು ತಮಾಷೆಗೆ, "ಲಕ್ಷ್ಮೀನ್ನ ಮನಿಗೆ ಕರ್ಯೋ ವ್ರತ ಅಕ್ಕಾ" ಎಂದೆ. ಪುಣ್ಯಾತಗಿತ್ತಿ ಅಲ್ಲೇ ಕೈಮುಗಿದರು. ಆಮೇಲೆ ಬಂದಾಗಲೆಲ್ಲ ಮುಗಿಯುತ್ತಿದ್ದರು.

ಮದುವೆ ಹತ್ತಿರ ಬಂತು. ಬೆಲೆ ಏರುತ್ತಲೇ ಇತ್ತು, ಬೊಟ್ಟುಗಳು ಮಾತ್ರ ಒಂದೊಂದೇ ಬೆರಳು ಇಳಿಯತೊಡಗಿದವು. "ರೀ, ನೀವು ಇನ್ನೂ ರೈಲು ಇಳಿಯಂಗಿಲ್ಲೇನು?" ಎಂದು ರುಕ್ಮಿಣಿ ಕೇಳಿದಳು. "ನಿನ್ನಿ ಏಕಾದಶಿ. ಉಪವಾಸದ ದಿನ ವ್ಯಾಪಾರಸ್ಥರಿಗೆ ನಿತ್ರಾಣ ಇರ್ತದ. ದ್ವಾದಶಿ ಊಟ ಆದಮ್ಯಾಲೆ ನೋಡು, ಹೆಂಗ ಏರ್ತದ!" ದ್ವಾದಶಿ ಊಟವಾದರೂ ಬೊಟ್ಟು ಇಳಿಯಿತು. ಮರುದಿನಕ್ಕೆ ಇನ್ನೊಂದು ನೆಪ. ನಾನೇ ಮಾಡಿದ ಶಾಸ್ತ್ರಕ್ಕೆ ನಾನೇ ದಿನಕ್ಕೊಂದು ಪ್ರಾಯಶ್ಚಿತ್ತ ಹುಡುಕುತ್ತಿದ್ದೆ. ಅವಳು ಗಾಜಿನ ಬಳೆ ಮೇಲಕ್ಕೆ ಸರಿಸಿಕೊಂಡು ಒಲೆ ಊದಿದಳು.

ಅಷ್ಟರಲ್ಲಿ ವಕೀಲರ ಜೊತೆ ಸಂಡೂರಿಗೆ ಹೋಗಬೇಕಾಯಿತು. ಪತ್ರಿಕೆ ತರಿಸಿ ಬೊಟ್ಟಿಡುವ ಕೆಲಸ ಅವಳಿಗೆ ಒಪ್ಪಿಸಿ ಹೋದೆ. ತಿರುಗಿ ಬಂದವನು ಕಾಲು ಕೂಡ ತೊಳೆಯದೆ ಗೋಡೆಯ ಮುಂದೆ ನಿಂತೆ. ಕೊನೆಯ ಬೊಟ್ಟು ಗೆರೆಯ ಕೆಳಗೆ, ಹೆಚ್ಚುಕಡಿಮೆ ನೆಲದ ಹತ್ತಿರ! "ಬಿತ್ತು! ಮನಿ ಮುಳುಗಿತು!" ಎಂದು ಕೂಗಿಕೊಂಡೆ. ರುಕ್ಮಿಣಿ ಹಿತ್ತಲಿನಿಂದ ಒದ್ದೆ ಕೈಯಲ್ಲೇ ಬಂದಳು. ಗೋಡೆ ನೋಡಿದಳು, ನನ್ನ ಮುಖ ನೋಡಿದಳು. "ಅಂಚೆ ಕಚೇರಿ ಮುಚ್ಚೋದ್ರೊಳಗ ಹೋಗ್ರಿ, ಜಲ್ದಿ" ಎಂದಳು. ಬರಿಗಾಲಲ್ಲೇ ಓಡಿಹೋಗಿ, ಮಾರಿಬಿಡಿ ಎಂದು ಮದರಾಸಿನ ದಲ್ಲಾಳಿಗೆ ತಂತಿ ಹೊಡೆದೆ.

ಹಣ ಬಂತು, ಪಾಟ್ಲಿಯೂ ಬಂದವು. ಆದರೆ ಆ ದರಿದ್ರ ಷೇರು ಮಾತ್ರ ಬೀಳಲೇ ಇಲ್ಲ, ಏರುತ್ತಲೇ ಹೋಯಿತು. ಕಂಪ್ಲಿಯ ಮದುವೆಮನೆಯಲ್ಲೂ ಚಪ್ಪರದ ಕಂಬಕ್ಕೆ ಒರಗಿ, "ಮತ್ತ ಏರೇದಂತ" ಎಂದು ಗೊಣಗುತ್ತಿದ್ದೆ. ರುಕ್ಮಿಣಿ ಹತ್ತಿರ ಬಂದಳು. "ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಕೆಳಗಿನ ಬೊಟ್ಟು ನಾ ಇಟ್ಟಿದ್ದಲ್ಲ. ಶುಕ್ರವಾರ ಅಂತ ಭಾಗೀರಥಕ್ಕ ಬಂದು ಲಕ್ಷ್ಮೀ ಪಾದಕ್ಕ ಇಟ್ಟುಹೋಗಿದ್ರು."

"ಅವತ್ತ ಯಾಕ ಬಾಯಿ ಬಿಡಲಿಲ್ಲ?"

"ನೀವು ಇಳೀತೀರಿ ಅಂತ ಅವತ್ತ ಮೊದಲ್ನೇ ಸಲ ಅನಿಸ್ತು. ಖರೇ ಹೇಳಾಕ ಬಾಯಿ ಬರ್ಲಿಲ್ರಿ."

"ಈಗ ನೋಡು, ಎಷ್ಟು ಏರೇದ!"

"ಏರ್ಲಿ ಬಿಡ್ರಿ. ನಮ್ಮ ಷೇರು ಯಾರೋ ತೊಗೊಂಡಿರ್ತಾರ. ಅವರ ಮನ್ಯಾಗೂ ಒಬ್ಬಾಕಿ ಬರೇ ಗಾಜಿನ ಬಳಿ ಹಾಕ್ಕೊಂಡು ಕಾಯ್ಕೋತ ಕುಂತಿರ್ತಾಳ, ಪಾಪ."

ಸಿಟ್ಟು ನೆತ್ತಿಗೇರಿತ್ತು, ಈ ಮಾತಿಗೆ ಅದು ಎಲ್ಲಿ ಹೋಯಿತೋ ತಿಳಿಯದು. ಅಷ್ಟು ದಿನ ಅವಳಿಟ್ಟ ಬೊಟ್ಟು ನೋಡಿದ್ದೆ, ಇಡುವ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ. ಊಟದ ಪಂಕ್ತಿಯಲ್ಲಿ ಅವಳೇ ಹೋಳಿಗೆ ಬಡಿಸಲು ಬಂದಳು. ಗಾಜಿನ ಬಳೆಗಳ ಪಕ್ಕದಲ್ಲಿ ಅವ್ವನ ಪಾಟ್ಲಿ ಅವಳ ಕೈಗೆ ಎಷ್ಟು ಒಪ್ಪಿದ್ದವೆಂದರೆ, ನೋಡುತ್ತಲೇ ಕುಳಿತೆ. ಸಾಕು ಎನ್ನುವುದು ನನಗೆ ಅಲ್ಲಿಯೂ ಹೊಳೆಯಲಿಲ್ಲ. ಕೆಳಗೆ ನೋಡಿದಾಗ ಎಲೆಯಲ್ಲಿ ನಾಲ್ಕು ಹೋಳಿಗೆ ಬಿದ್ದಿದ್ದವು.