ಬುದ್ಧಿಹಲ್ಲು: ಜೋಮು ಬೇಕೋ, ಮಬ್ಬು ಬೇಕೋ?

ಹಲ್ಲು ಕೀಳೋದು ಏನೂ ದೊಡ್ಡ ಕೆಲಸ ಅಲ್ಲ ನೋಡ್ರಿ. ಹೆಂಗ ಕೀಳಬೇಕು ಅಂತ ಮಂದೀನ್ನ ಕೇಳೋದ ನನ್ನ ಆಯುಷ್ಯ ತಿಂತು. ಎಪ್ಪತ್ತರ ದಶಕದಾಗ ಬೈಲಹೊಂಗಲದ ಬಜಾರದಾಗ ಹಲ್ಲಿನ ದವಾಖಾನಿ ತಗದು ಕುಂತವ ನಾನು. ದಿನಾ ಒಂದಿಲ್ಲೊಂದು ಫಜೀತಿ. ಅದರಾಗೂ ಬುದ್ಧಿಹಲ್ಲಿನ ಪೇಶಂಟ್ ಬಂದ್ರಂತೂ ನನ್ನ ತಲಿ ಕೆಟ್ಟು ಹೋಗತಿತ್ತು.

ದವಡಿ ತುದಿಗೆ ತಡಾ ಮಾಡಿ ಬಂದು, ಜಾಗಾ ಸಾಲದ ಅಡ್ಡ ಬೀಳೋ ಹಲ್ಲು ಅದು. ತಗಿಯಾಕ ಎರಡು ದಾರಿ. ಒಂದು, ವಸಡಿಗೆ ಸೂಜಿ ಚುಚ್ಚಿ ಅಷ್ಟ ಜಾಗಾಕ್ಕ ಜೋಮು ಹಿಡಿಸೋದು. ಪೇಶಂಟ್ ಎಚ್ಚರ ಇರತಾನ. ಇನ್ನೊಂದು, ಬಾಜೂಕಿದ್ದ ಸರ್ಜನ್ನರ ದವಾಖಾನ್ಯಾಗ ಪೂರ್ತಿ ಮಬ್ಬು ಬರಿಸೋದು. ಅದಕ್ಕ ಬೆಳಗಾವಿಯಿಂದ ಮಬ್ಬಿನ ಡಾಕ್ಟರು ವಾರಕ್ಕೊಮ್ಮೆ ಬರತಿದ್ರು. ‘ಜೋಮು ಬೇಕೋ, ಮಬ್ಬು ಬೇಕೋ?’ ಇಷ್ಟ ನನ್ನ ಪ್ರಶ್ನಿ. ಉತ್ತರ ಮಾತ್ರ ದೇವರಿಗೇ ಪ್ರೀತಿ.

೧. ಹಿರೇರನ್ನ ಕೇಳಬೇಕ್ರಿ

ರಾಮದುರ್ಗದ ಕಡೆ ಸಾಲಹಳ್ಳಿಯಿಂದ ಒಬ್ಬ ಲಗ್ನಾದ ತರುಣ ಗಲ್ಲ ಉಬ್ಬಿಸಿಕೊಂಡು ಬಂದಿದ್ದ. ಎರಡೂ ದಾರಿ ತಿಳಿಸಿ ಹೇಳಿ, “ಯಾವುದು ಮಾಡೋಣು?” ಅಂದೆ.

“ಹಿರೇರನ್ನ ಕೇಳಬೇಕ್ರಿ” ಅಂತ ಎದ್ದು ಹೋದ.

ಮುಂದಿನ ಸಂತಿ ದಿನ ನನ್ನ ದವಾಖಾನಿ ಮುಂದ ಒಂದು ಟ್ರ್ಯಾಕ್ಟರ್ ನಿಂತಿತು. ಟ್ರೇಲರ್ ತುಂಬ ಮಂದಿ ಇಳದ್ರು. ಅಪ್ಪ, ಕಾಕಾ, ಸ್ವಾದರಮಾವ, ಬೀಗರು, ಊರ ಹಿರೇರು. ನನ್ನ ಕಟಗಿ ಬಾಕಿನ ಮ್ಯಾಲೆ ಜಾಗಾ ಸಾಲದ ಕಟ್ಟಿ ಮ್ಯಾಲೂ ಕುಂತ್ರು. ಎಲಿ ಅಡಿಕಿ ಚೀಲ ಬಿಚ್ಚಿದ್ರು. ಪಂಚಾಯ್ತಿ ಶುರು ಆತು.

“ಎಚ್ಚರ ಇದ್ರ ಹುಡುಗ ಅಂಜತಾನ. ಮಬ್ಬ ಛಲೋ” ಅಂದ ಸ್ವಾದರಮಾವ.

“ಮಬ್ಬು ಬಂದು ಏಳಲಿಲ್ಲಂದ್ರ ನಮ್ಮ ಹುಡಿಗಿ ಗತಿ ಏನು?” ಅಂದ್ರು ಬೀಗರು.

“ನಿಮ್ಮ ಹುಡಿಗಿ ಬಂದ ಮ್ಯಾಲೇ ಹಲ್ಲ ಬ್ಯಾನಿ ಹತ್ತಿದ್ದು!” ಅಂದ ಕಾಕಾ.

ಅಲ್ಲಿಗೆ ಹಲ್ಲು ಬಾಜೂಕುಳದು ಲಗ್ನದ ಜಗಳ ಎದ್ದಿತು. ಉಡುಗೊರಿ ಸೀರಿ, ಊಟಕ್ಕ ಕಡಿಮಿ ಬಿದ್ದ ಬುಂದೆ, ಎಲ್ಲಾ ಹೊರಗ ಬಂತು. ನನ್ನ ಬ್ಯಾರೆ ಪೇಶಂಟರೂ ಹಲ್ಲ ನೋವು ಮರತು ಕಿವಿಗೊಟ್ಟು ಕುಂತ್ರು. ಊಟದ ಹೊತ್ತಿಗೆ ಅಂತೂ ಒಮ್ಮತಕ್ಕ ಬಂದು, ಊರ ಹಿರೇರು ಎದ್ದು ನಿಂತು, “ಸಾಹೇಬ್ರ, ಜೋಮ ಹಿಡಿಸ್ರಿ. ತೀರ್ಮಾನ ಆತು” ಅಂದ್ರು.

ನಾ ಕೈ ತೊಳಕೊಂಡು, ಸೂಜಿ ಕುದಿಸಿ ತಯಾರಾಗಿ, “ಎಲ್ಲಿ, ಹುಡುಗನ್ನ ಕಳಿಸ್ರಿ” ಅಂದೆ.

ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ಅಪ್ಪ ಅಂದ: “ಅವನ್ನ ಮನ್ಯಾಗ ಬಿಟ್ಟ ಬಂದೇವ್ರಿ. ಅಷ್ಟ ಹಲ್ಲ ಬ್ಯಾನಿ ಇಟಗೊಂಡು ಟ್ರ್ಯಾಕ್ಟರ್‌ನ್ಯಾಗ ಹೆಂಗ ಬರತಾನ, ಪಾಪ!”

೨. ಕಟ್ಟುನಿಟ್ಟಿನ ಉಪವಾಸ

ಸವದತ್ತಿಯ ಪೈಲವಾನ. ಖುರ್ಚಿ ತುಂಬಿ ಹೊರಗ ಬರೋ ಆಳು, ಮೀಸಿ ಅಂದ್ರ ಕಿವಿತನಕಾ. ಸೂಜಿ ತೋರಿಸಿದ್ದಕ್ಕ ಬಾಯಿ ಗಪ್ಪನ ಮುಚ್ಚಿದವ ತಗೀಲಿಲ್ಲ. ಮಬ್ಬೇ ಗತಿ ಅಂತ ಆತು. ಮಬ್ಬು ಕೊಡೋವಾಗ ಹೊಟ್ಟಿ ಖಾಲಿ ಇರಬೇಕು. ಇಲ್ಲಾಂದ್ರ ವಾಂತಿ ಉಸಿರಿಗೆ ಅಡ್ಡ ಬಂದು ಜೀವಕ್ಕ ಕುತ್ತು. ಅದಕ್ಕ ಅವನಿಗೂ ಅವನ ಅವ್ವಗೂ ಒತ್ತಿ ಒತ್ತಿ ಹೇಳಿದೆ: “ಹಿಂದಿನ ದಿನ ರಾತ್ರಿಯಿಂದನ ಉಪವಾಸ ಇರಬೇಕು.”

“ಅದನ್ನ ನಮಗ ಹೇಳಬೇಕೇನ್ರಿ? ಏಕಾದಶಿ, ಶಿವರಾತ್ರಿ ಒಂದೂ ಬಿಟ್ಟವರಲ್ಲ ನಾವು” ಅಂದಳು ಅವ್ವ.

ಆ ದಿನ ಬೆಳಗಾವಿ ಡಾಕ್ಟರು ಬಂದ್ರು. ಪೈಲವಾನನ್ನ ಟೇಬಲ್ ಮ್ಯಾಲೆ ಮಲಗಿಸಿದ್ದೂ ಆತು. ಯಾಕೋ ನನಗ ಅನುಮಾನ ಬಂತು. “ಉಪವಾಸ ಅದೀರಿಲ್ಲೋ?” ಅಂತ ಕೇಳಿದೆ.

“ಕಟ್ಟುನಿಟ್ಟ ಉಪವಾಸ ಇದ್ದೇನ್ರಿ. ಬರೇ ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಒಂದ ಡಜನ್ ಬಾಳಿಹಣ್ಣು, ಮ್ಯಾಲೆ ಒಂದ ಚರಗಿ ಹಾಲು. ಅನ್ನ ರೊಟ್ಟಿ ಮುಟ್ಟಿದ್ರ ಆಣಿ!”

ಬೆಳಗಾವಿ ಡಾಕ್ಟರು ಟೊಪಗಿ ತಗದು ನನ್ನ ಕಡೆ ಹಿಂಗ ನೋಡಿದ್ರಲ್ಲ, ಆ ನೋಟ ಇನ್ನೂ ಕಣ್ಣಾಗ ಅದ. ಸಿಟ್ಟು ತಡಿಲಾರದ ನಾ ಹೊರಗ ಬಂದು ಅವ್ವಗ, “ಮುಂದಿನ ವಾರ ಬರ್ರಿ. ಹೊಟ್ಟಿಗೆ ನೀರ ಹನೀನೂ ಹಾಕಬ್ಯಾಡ್ರಿ!” ಅಂತ ಒದರಿದೆ.

ಅವ್ವ ಸೆರಗು ಕಣ್ಣಿಗೆ ಒತ್ತಿಕೊಂಡಳು. “ಅಯ್ಯ ಶಿವನ! ಹಸದ ಹೊಟ್ಟೀಲೆ ಮಲಗಿಸಿದ್ರ ನನ್ನ ಕೂಸಿಗೆ ನಿದ್ದಿ ಹೆಂಗ ಹತ್ತತೈತ್ರಿ?”

೩. ಕಿತ್ತೂರಿನ ಗಂಡು

ಇದು ಸಣ್ಣದು. ಕಿತ್ತೂರಿನವರೊಬ್ರು, ತಲಿಗೆ ಪಟಗಾ ಸುತ್ತಿದ ಗೃಹಸ್ಥರು. ನಾ ಪ್ರಶ್ನಿ ಮುಗಸೂಕಿಂತ ಮೊದಲ ತೊಡಿ ತಟ್ಟಿದ್ರು. “ಜೋಮೂ ಬ್ಯಾಡ, ಮಬ್ಬೂ ಬ್ಯಾಡ. ಕಿತ್ತೂರ ಮಣ್ಣಿನ ಗಂಡಸು ನಾನು. ಹಂಗ ಕೀಳ್ರಿ!”

ಹಂಗ ಕೀಳಾಕ ಬರೂದಿಲ್ಲ ಅಂತ ಎಷ್ಟ ಹೇಳಿದ್ರೂ ಕೇಳವಲ್ಲರು. ಆತು, ಮೊದಲ ಸಾಮಾನು ನೋಡಲಿ ಅಂತ ಇಕ್ಕಳ ತಗದು ಬೆಳಕಿಗೆ ಹಿಡದೆ. ಪಟಗಾ ಒಂದು ಕಡೆ, ಗೃಹಸ್ಥರು ಒಂದು ಕಡೆ. ಮಾರಿಗೆ ನೀರು ಗೊಜ್ಜಿ ಎಬ್ಬಿಸಿದೆವು. ಕಣ್ಣು ತಗದು ದವಡಿ ಸವರಿಕೊಂಡು, “ನೋಡಿದಿರೇನು, ಒಂದ ಚೂರೂ ನೋವ ಆಗಲಿಲ್ಲ!” ಅಂತ ಮೀಸಿ ತಿರುವಿದ್ರು.

೪. ಆಕಿ ಬಾಯಾಗ ಅವರ ಹೆಸರು

ಹೂಲಿಯ ಒಬ್ಬ ಒಕ್ಕಲಿಗ, ಅವನ ಹೆಂಡತಿ. ನವಿಲುತೀರ್ಥದ ಕಾಲುವಿ ನೀರು ಹೊಲಕ್ಕ ಬಂದ ಮ್ಯಾಲೆ ಹೊಸಾದಾಗಿ ಎಮ್ಮಿ ಕಟ್ಟಿದ್ರು. ನೋವು ಆಕಿಗೆ. ಹಲ್ಲು ಎಲುವಿನಾಗ ಪೂರ್ತಿ ಅಡ್ಡ ಮಲಗಿತ್ತು, ಎಲುವು ಕೊರದು ತಗೀಬೇಕು. ಮಬ್ಬೇ ಛಲೋ ಅಂದೆ.

ಆಕಿ ಹೌಹಾರಿದಳು. “ಬ್ಯಾಡ್ರಿ ಯಪ್ಪಾ! ಎಷ್ಟರ ನೋಯಲಿ, ಜೋಮ ಹಿಡಿಸೇ ತಗೀರಿ. ನಾ ಎಚ್ಚರ ಇರಬೇಕು.”

ಯಾಕ ಅಂದ್ರ ಹೇಳವಲ್ಲಳು. ಗಂಡನ್ನ ಹೊರಗ ಕಳಿಸಿದ ಮ್ಯಾಲೆ ಆಕಿ ನಮ್ಮ ನರ್ಸ್‌ಬಾಯಿಯ ಕಿವ್ಯಾಗ ಹೇಳಿದಳು. ಅವರ ಓಣ್ಯಾಗಿನ ಒಬ್ಬಾಕಿ ಆಪರೇಶನ್ ಮಾಡಿಸಿಕೊಂಡಾಗ ಮಬ್ಬಿನಾಗ ಬಡಬಡಿಸಿ, ವಾರ್ಡಿನ ಮಂದಿ ಮುಂದ ಗಂಡನ ಹೆಸರು ಹಿಡದು ಕರದಿದ್ದಳಂತ! ನಮ್ಮ ಕಡೆ ಗಂಡನ ಹೆಸರು ಬಾಯಿಲೆ ಅಂದ್ರ ಅವನ ಆಯುಷ್ಯ ಕಡಿಮಿ ಆಗತದ ಅಂತ ನಂಬಿಕಿ. ಮೊಮ್ಮಕ್ಕಳನ್ನ ಕಂಡ ಹೆಣ್ಣಮಗಳು, ಅಲ್ಲಿತನಕಾ ಕಾಯ್ದ ವ್ರತ ಅದು. ಒಂದು ಹಲ್ಲಿನ ಸಲುವಾಗಿ ಮುರೀಬೇಕೇನು?

“ನೋಡವಾ, ಎಚ್ಚರ ಇದ್ದು ಎಲುವು ಕೊರಿಸಿಕೊಳ್ಳೋದು ನಿನ್ನ ಕೈಲೆ ಆಗೂದಿಲ್ಲ. ನೀ ಏನ ಅಂದ್ರೂ ಕೇಳಾಕ ಯಾರೂ ಇರಲಾರದಂಗ ನೋಡಿಕೋತೇನಿ” ಅಂತ ರಮಿಸಿದೆ. ಆಕಿ ಹೂಂ ಅಂದಳು, ಕರಾರಿನ ಮ್ಯಾಲೆ. “ಅವರನ್ನ ಮಾತ್ರ ಗೇಟಿನ ಹೊರಗ ನಿಲ್ಲಿಸ್ರಿ.”

ಹೊರಗ ಬಂದು ಗಂಡಗ ಹೇಳಿದೆ. ಅವನ ಮಾರಿ ಅರಳಿತು.

“ಸಾಹೇಬ್ರ, ಖರೇನ ಹೆಸರ ಹೇಳತಾರೇನ್ರಿ ಮಬ್ಬಿನಾಗ?”

“ಹೇಳಬಹುದು. ಯಾಕ?”

“ಲಗ್ನದಾಗ ಬಾಗಲ ತಡದು ‘ಹೆಸರ ಹೇಳಿ ಒಳಗ ಬಾ’ ಅಂದಾಗ ಒಮ್ಮೆ ಒಡಪಿನ ಪದದಾಗ ಹೇಳಿದ್ದಳ್ರಿ. ಸುಡಗಾಡ ಬಾಜಾದವರು ಊದಾಕ ಹತ್ತಿದ್ರು, ನನಗ ಕೇಳಸಲಿಲ್ಲ. ಅಲ್ಲಿಂದ ಇಲ್ಲೀತನಕಾ ‘ಏನ್ರಿ’, ‘ಇವರ’, ‘ಕೇಳಸ್ತೇನು’. ಆಕಿ ಬಾಯಾಗ ನನ್ನ ಹೆಸರು ಹೆಂಗ ಕೇಳತೈತೋ ನೋಡಬೇಕಂತ ಜೀವ ಬಡಕೊಳ್ತೈತ್ರಿ. ಒಂದೀಟ ಕಿಡಕಿ ಹತ್ರ ನಿಂದ್ರತೇನಿ.”

“ಇದು ದವಾಖಾನಿ, ಲಗ್ನದ ಹಂದರ ಅಲ್ಲ. ಗೇಟಿನ ಕಡೆ ನಡೀರಿ!” ಅಂತ ಜಬರಿಸಿದೆ. ಪಾಪ, ತಲಿ ಬಗ್ಗಿಸಿ ಹೋದ.

ಹಲ್ಲು ಬಂತು, ಹೊಲಿಗಿ ಹಾಕಿದ್ದೂ ಆತು. ಆಕಿಗೆ ಅರ್ಧಮರ್ಧ ಎಚ್ಚರ ಆಗಾಕ ಹತ್ತಿತ್ತು. ನರ್ಸ್‌ಬಾಯಿ ಗಲ್ಲ ತಟ್ಟಿ, “ಕಣ್ಣ ತಗೀರಿ ಅಕ್ಕಾರ” ಅಂದಳು. ಆಕಿ ಬಾಯಾಗಿನ ಹತ್ತಿ ಪಕ್ಕನ ಉಗುಳಿ, ಹೊಲದ ಆಚೆ ದಂಡಿಗೆ ಕೇಳಸೂವಂಗ ಒದರಿದಳು:

“ಏ ನಿಂಗ್ಯಾ! ಎಮ್ಮಿಗೆ ನೀರ ಕುಡಿಸಿದಿ ಇಲ್ಲೋ?”

ಕಿಡಕಿ ಹೊರಗಿಂದ ಉತ್ತರ ಬಂತು: “ಕುಡಿಸೇನ್ರೀ!”

ನೋಡಿದ್ರ ಆಕಿ ಗಂಡ! ಗೇಟಿನ ಕಡೆ ಹೋದವ ಯಾವಾಗ ತಿರುಗಿ ಬಂದಿದ್ದನೋ, ಹೆಗಲ ಮ್ಯಾಲಿನ ಟಾವೆಲ್ ಕೈಯಾಗ ಹಿಡಕೊಂಡು ನೆಟ್ಟಗ ನಿಂತಿದ್ದ. ಬೆಳಗಾವಿ ಡಾಕ್ಟರು ಮಾರಿ ತಿರುವಿಕೊಂಡು ನಕ್ಕರು. ನರ್ಸ್‌ಬಾಯಿ ಸೆರಗು ಬಾಯಿಗೆ ತುರುಕಿಕೊಂಡಳು. ಅವನ ಕಣ್ಣಾಗ ಮಾತ್ರ ನೀರು. “ಕೇಳಿದಿರೇನ್ರಿ ಸಾಹೇಬ್ರ? ಎಷ್ಟ ಚಂದ ಕರದಳು!” ಅಂದ. ನನಗೂ ಸಿಟ್ಟು ಮಾಡಬೇಕು ಅನಸಲಿಲ್ಲ.

ಪೂರ್ತಿ ಎಚ್ಚರಾದ ಕೂಡಲೇ ಆಕಿ ಗಂಡನ್ನ ಒಳಗ ಕರಸಿ, ಸೊಟ್ಟ ಬಾಯಿಲೆ, ಅಂಜಿಕೋತ, “ನಾ ಏನರ ಅಂದ್ನೇನ್ರಿ?” ಅಂತ ಕೇಳಿದಳು. ನಾವೆಲ್ಲಾ ಅವನ ಮಾರಿ ನೋಡಿದೆವು.

“ಏನಿಲ್ಲ. ಎಮ್ಮಿ ಸುದ್ದಿ ಕೇಳಿದಿ, ಅಷ್ಟ” ಅಂದ ಅವ.

ಆಕಿ ಕೈ ಮುಗದು, “ಸದ್ಯ, ಮಾನ ಉಳೀತು” ಅಂತ ಸಮಾಧಾನದಿಂದ ಕಣ್ಣು ಮುಚ್ಚಿದಳು.

ಹೊಲಿಗಿ ಬಿಚ್ಚಿಸಾಕ ಬಂದಾಗ ಆಕೀನ್ನ ಬಾಕಿನ ಮ್ಯಾಲೆ ಕುಂಡ್ರಿಸಿ, ಅವ ನನ್ನನ್ನ ಒಂದು ಮೂಲಿಗೆ ಕರಕೊಂಡು ಹೋದ.

“ಸಾಹೇಬ್ರ, ಆ ಮಗ್ಗಲಿಗೂ ಅಂಥಾದ್ದ ಒಂದ ಹಲ್ಲ ಐತಲ್ರಿ?”

“ಅದ. ಗಟ್ಟಿ ಅದ, ನೆಟ್ಟಗ ಅದ, ನೋವೂ ಇಲ್ಲ. ಅದರ ಸುದ್ದಿಗೆ ಯಾಕ ಹೋಗತೀರಿ?”

ಅವ ಬಾಕಿನ ಕಡೆ ಒಮ್ಮೆ ಹೊಳ್ಳಿ ನೋಡಿ, ದನಿ ಇಳಿಸಿ ಅಂದ:

“ನೋವ ಬರೂತನಕಾ ಯಾಕ ಕಾಯೋದ್ರಿ? ಅದನ್ನೂ ತಗದ ಬಿಡ್ರಿ. ಆದ್ರ ಜೋಮ ಬ್ಯಾಡ್ರಿ, ಮಬ್ಬೇ ಕೊಡಸ್ರಿ!”